ಎಂಟು ಮನೆ, ಒಂದು ಜಗಲಿ

"ಬೋರ್ಡು ಆಗಲೇ ಬರೆಸಿಟ್ಟಿದ್ದೀನಮ್ಮಾ" ಅಂದರು ಸೈಟಿನ ಯಜಮಾನರು. ಅವರು ಕಟ್ಟಿಸಲಿದ್ದ ಎಂಟು ಬಾಡಿಗೆ ಮನೆಗಳ ಕಟ್ಟಡಕ್ಕೆ ನಾನು ಆರ್ಕಿಟೆಕ್ಟ್. ಬೆಂಗಳೂರಿನ ಥಣಿಸಂದ್ರದ ಹತ್ತಿರ 40x60ರ ಮೂಲೆ ಸೈಟು. ಇನ್ನೂ ಪಾಯ ಕೂಡ ತೋಡಿರಲಿಲ್ಲ. ಬೋರ್ಡಿನಲ್ಲಿ 'ಮನೆ ಬಾಡಿಗೆಗೆ ಇದೆ' ಅಂತಿತ್ತು. ಅದರ ಕೆಳಗೆ 'ಸಸ್ಯಾಹಾರಿಗಳಿಗೆ ಮಾತ್ರ'.

ಆ ಬೀದಿಯಲ್ಲಿ ಐದು ನಿಮಿಷ ನಿಂತರೆ ಉರ್ದು, ತಮಿಳು, ತೆಲುಗು, ಬಂಗಾಳಿ ಎಲ್ಲವೂ ಕಿವಿಗೆ ಬೀಳುತ್ತವೆ. ಯಾಕೆ ಸಾರ್ ಹೀಗೆ ಅಂತ ಕೇಳಿದೆ. ಜಾತಿ ಮಾತು ಬರುತ್ತೆ ಅಂದುಕೊಂಡಿದ್ದೆ. ಅದು ಇರಲೇ ಇಲ್ಲ ಅಂತ ಹೇಳಲ್ಲ. ಆದರೆ ಅವರು ಅರ್ಧ ಗಂಟೆ ಹೇಳಿದ್ದು ತಮ್ಮ ಹಳೇ ಕಟ್ಟಡದ ಡಕ್ಟಿನ ಕಥೆ. ಡಕ್ಟ್ ಅಂದರೆ ಗಾಳಿಗೆ, ಪೈಪಿಗೆ ಅಂತ ಕೆಳಗಿನಿಂದ ಮೇಲಿನವರೆಗೆ ಬಿಡುವ ಕಿರಿದಾದ ಖಾಲಿ ಜಾಗ. ಕೆಳಗಿನ ಮನೆಯವರು ಮೀನು ಹುರಿದರೆ ಮೂರನೇ ಮಹಡಿಯ ದೇವರ ಕೋಣೆಗೆ ವಾಸನೆ. ಮೇಲಿನವರು ಒಗ್ಗರಣೆ ಹಾಕಿದರೆ ಕೆಳಗಿನವರಿಗೆ ಸೀನು. ಅದೇ ವಿಷಯಕ್ಕೆ ಇಬ್ಬರು ಮನೆ ಬಿಟ್ಟು ಹೋದರಂತೆ.

ಹೋಗಿ ನೋಡಿದೆ. ಎಲ್ಲ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನುಗಳೂ ಒಂದೇ ಮೂರಡಿ ಡಕ್ಟಿಗೆ ತೆರೆದುಕೊಂಡಿದ್ದವು. ಫ್ಯಾನ್ ಹಾಕಿದರೆ ನಮ್ಮನೆ ಹೊಗೆ ನಿಮ್ಮನೆಗೆ. ಇದು ಬಾಡಿಗೆದಾರರ ಜಗಳ ಅಲ್ಲ, ಪ್ಲಾನ್ ಮಾಡಿದವರ ತಪ್ಪು.

ಹೊಸ ಕಟ್ಟಡದಲ್ಲಿ ಮೊದಲು ಮಾಡಿದ್ದೇ ಇದು. ಎಂಟೂ ಅಡುಗೆಮನೆ ಹೊರಗೋಡೆಗೆ. ಪ್ರತಿಯೊಂದಕ್ಕೂ ಅದರದೇ ಆರಿಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, ತಾರಸಿ ದಾಟಿ ಮೇಲೆ ಹೋಗುವಂತೆ. ಎಣ್ಣೆ ಜಿಡ್ಡು ತೆಗೆಯೋಕೆ ಪೈಪಿನ ಬುಡದಲ್ಲಿ ಒಂದು ಮುಚ್ಚಳ. ಸೌಹಾರ್ದ ಅಂದರೆ ಜನ ಕೈ ಕೈ ಹಿಡಿದ ಚಿತ್ರ ಬಿಡಿಸ್ತಾರೆ. ನನ್ನ ಲೆಕ್ಕದಲ್ಲಿ ಅರ್ಧ ಕೆಲಸ ಪೈಪಿನದು. ಆ ಬೋರ್ಡು ಕಡೆಗೂ ಗೋಡೆ ಹತ್ತಲಿಲ್ಲ.

ಇನ್ನರ್ಧ ಬಾಗಿಲಿನದು. ಸಾಮಾನ್ಯವಾಗಿ ಎರಡು ಮನೆಯ ಮುಂಬಾಗಿಲು ಎದುರುಬದುರು ಇಡ್ತಾರೆ. ಒಬ್ಬರ ಮಂಚ ಇನ್ನೊಬ್ಬರಿಗೆ ಕಾಣುತ್ತೆ. ಹಾಗಾಗಿ ಇಬ್ಬರೂ ಬಾಗಿಲು ತೆರೆಯೋದೇ ಇಲ್ಲ. ನಾನು ಬಾಗಿಲುಗಳನ್ನು ನಾಲ್ಕಡಿ ಆಚೀಚೆ ಸರಿಸಿದೆ. ಮೂರೂವರೆ ಅಡಿಯ ಪ್ಯಾಸೇಜನ್ನು ಐದೂವರೆ ಅಡಿ ಮಾಡಿದೆ. ಯಜಮಾನರಿಗೆ ಅದು ದಂಡದ ಜಾಗ. ಚದರಡಿ ಲೆಕ್ಕ ಹಾಕಿ ತೋರಿಸಿದರು. ಈಗ ಸಂಜೆ ಹೊತ್ತು ಬಾಗಿಲು ತೆರೆದಿರುತ್ತವೆ, ಮಕ್ಕಳ ಸೈಕಲ್ ಪ್ಯಾಸೇಜಿನಲ್ಲೇ ಓಡುತ್ತೆ. ಪ್ರತಿ ಬಾಗಿಲ ಮುಂದೆ ಎರಡಡಿ ಕಲ್ಲು, ಪಕ್ಕದಲ್ಲಿ ಎದೆಮಟ್ಟಕ್ಕೆ ಒಂದು ಗೂಡು. ಗೂಡಿನಲ್ಲಿ ಏನಿಡಬೇಕು ಅಂತ ನಾನು ಹೇಳಲಿಲ್ಲ. ಒಂದರಲ್ಲಿ ದೀಪ, ಒಂದರಲ್ಲಿ ವೇಲಾಂಕಣಿ ಮಾತೆ, ಒಂದರಲ್ಲಿ 786 ಬರೆದ ಪುಟ್ಟ ಫಲಕ. ಮೇಲಿನ ಮಹಡಿಯ ಹುಡುಗರ ಗೂಡಲ್ಲಿ ಬೈಕ್ ಕೀ ಮತ್ತು ಹಾಲಿನ ಕೂಪನ್.

ಜಗಲಿ ವಿಷಯದಲ್ಲಿ ಮಾತ್ರ ನಾನೇ ಎಡವಿದೆ.

ಓದುವಾಗ ಇಂದೋರಿಗೆ ಹೋಗಿ ಆರ್ಕಿಟೆಕ್ಟ್ ಬಿ.ವಿ. ದೋಶಿಯವರ 'ಅರಣ್ಯ' ಬಡಾವಣೆ ನೋಡಿದ್ದೆ. 80ರ ದಶಕದ ಕೆಲಸ, ಸುಮಾರು 6,500 ಸೈಟು. ಬಡವರಿಗೆ ಪೂರ್ತಿ ಮನೆ ಕಟ್ಟಿಕೊಡಲಿಲ್ಲ. ಪಾಯ, ನೀರು, ಶೌಚಾಲಯ ಕೊಟ್ಟು ಉಳಿದದ್ದನ್ನು ಅವರವರೇ ಕಟ್ಟಿಕೊಳ್ಳಲಿ ಅಂತ ಬಿಟ್ಟರು. ಬೇರೆ ಬೇರೆ ಆದಾಯದವರಿಗೆ ಒಂದೇ ಬಡಾವಣೆಯಲ್ಲಿ ಜಾಗ. ನನಗೆ ನೆನಪಲ್ಲಿ ಉಳಿದದ್ದು ಓಟ್ಲಾ, ಅಂದರೆ ನಮ್ಮ ಜಗಲಿ. ಅದರ ಮೇಲೆ ಕೂತು ಕಾಳು ಆರಿಸ್ತಾರೆ, ಬಟ್ಟೆ ಹೊಲೀತಾರೆ, ದಾರಿಹೋಕರ ಜೊತೆ ಮಾತಾಡ್ತಾರೆ. ಮನೆಯೂ ಅಲ್ಲ, ಬೀದಿಯೂ ಅಲ್ಲ.

ಅದನ್ನೇ ಇಲ್ಲಿ ಮಾಡೋಣ ಅಂತ ಕಾಂಪೌಂಡನ್ನು ಒಂದಡಿ ಒಳಗೆ ಸರಿಸಿ ಬೀದಿ ಕಡೆಗೆ ಹದಿನೆಂಟಡಿ ಉದ್ದದ ಕಟ್ಟೆ ಕಟ್ಟಿಸಿದೆ. ಯಜಮಾನರು ಒಪ್ಪಲು ತಿಂಗಳು ಹಿಡಿಯಿತು. "ನೋಡಮ್ಮಾ, ಇವತ್ತು ಕೂರ್ತಾರೆ, ನಾಳೆ ಬೀಡಿ ಸೇದ್ತಾರೆ, ನಾಡಿದ್ದು ಎಲೆಅಡಿಕೆ ಉಗೀತಾರೆ" ಅಂತ ಅವರ ವಾದ. ಅಕ್ಕಪಕ್ಕದ ಮನೆಗಳಲ್ಲಿ ಯಾರೂ ಕೂರಬಾರದು ಅಂತ ಕಟ್ಟೆಗೆ ಚೂಪುಗಲ್ಲು ನೆಟ್ಟಿದ್ದನ್ನೂ ತೋರಿಸಿದರು.

ಕಡೆಗೂ ಕಟ್ಟಿದೆವು. ಒಬ್ಬರೂ ಕೂರಲಿಲ್ಲ! ಆರು ತಿಂಗಳು ಅದರ ಮೇಲೆ ನಾಯಿ ಕೂಡ ಮಲಗಲಿಲ್ಲ. ಒಂದು ಮಧ್ಯಾಹ್ನ ನಾನೇ ಹೋಗಿ ಕೂತೆ, ಎದ್ದೆ. ಸುಡುತ್ತಿತ್ತು. ಪಶ್ಚಿಮದ ಬಿಸಿಲಿಗೆ ಪಾಲಿಶ್ ಮಾಡಿದ ಕರಿ ಗ್ರಾನೈಟ್ ಹಾಕಿಸಿದ್ದೆ, ಫೋಟೊದಲ್ಲಿ ಚೆನ್ನಾಗಿ ಕಾಣಲಿ ಅಂತ. ಅಗಲ ಬರೀ ಹನ್ನೆರಡು ಇಂಚು. ಅಷ್ಟರಲ್ಲಿ ಚಕ್ಕಂಬಕ್ಕಳ ಹಾಕಿ ಕೂರೋಕಾಗುತ್ತಾ, ಪಕ್ಕದಲ್ಲಿ ಸೊಪ್ಪಿನ ಕಟ್ಟು ಇಡೋಕಾಗುತ್ತಾ?

ಮೇಸ್ತ್ರಿ ನಕ್ಕು, "ಮೇಡಂ, ನಮ್ಮೂರ ಅರಳಿಕಟ್ಟೆ ಯಾವತ್ತಾದ್ರೂ ಇಷ್ಟು ನುಣ್ಣಗೆ ಇತ್ತಾ?" ಅಂದ. ಕಲ್ಲು ಕಿತ್ತೆವು. ಒರಟು ಸಾದರಹಳ್ಳಿ ಕಲ್ಲಿನ ಚಪ್ಪಡಿ ಹಾಕಿದೆವು. ಅಗಲ ಇಪ್ಪತ್ತೆರಡು ಇಂಚು, ಎತ್ತರ ಹದಿನೇಳು, ಮಳೆನೀರು ನಿಲ್ಲದ ಹಾಗೆ ಹೊರಕ್ಕೆ ಸ್ವಲ್ಪ ಇಳಿಜಾರು. ಪಕ್ಕದಲ್ಲಿ ಆಳೆತ್ತರದ ಹೊಂಗೆ ಗಿಡ. ಅದು ನೆರಳು ಕೊಡುವಷ್ಟು ಬೆಳೆಯಲು ಎರಡು ವರ್ಷ ಬೇಕಾಯಿತು. ಈಗ ಬೆಳಿಗ್ಗೆ ಸ್ಕೂಲ್ ವ್ಯಾನ್ ಕಾಯುವ ಅಮ್ಮಂದಿರು, ಮಧ್ಯಾಹ್ನ ಡೆಲಿವರಿ ಹುಡುಗರು, ರಂಜಾನ್ ತಿಂಗಳಲ್ಲಿ ಸಂಜೆಯ ಮಗ್ರಿಬ್ ನಮಾಜಿನ ಹೊತ್ತಿಗೆ ಖರ್ಜೂರದ ತಟ್ಟೆ.

ತಾರಸಿಯಲ್ಲಿ 'ಎಲ್ಲರೂ ಸೇರಲಿ' ಅಂತ ಒಂದು ಹಾಲ್ ಕೂಡ ಮಾಡಿದ್ದೆ. ಅಲ್ಲೀಗ ಮುರಿದ ಕೂಲರ್ ಮತ್ತು ಖಾಲಿ ನೀರಿನ ಕ್ಯಾನ್ ಇವೆ. ಸೇರೋಕೆ ಅಂತಲೇ ಯಾರು ಮೆಟ್ಟಿಲು ಹತ್ತಿ ಹೋಗ್ತಾರೆ? ಸಿಂಗಪುರದ ಸರ್ಕಾರಿ ವಸತಿ ಕಟ್ಟಡಗಳಲ್ಲಿ ನೆಲಮಹಡಿಯನ್ನೇ ಖಾಲಿ ಬಿಡ್ತಾರೆ. ಮಲಯರ ಮದುವೆ, ಚೀನೀಯರ ಸಾವಿನ ಕಾರ್ಯ ಎರಡೂ ಅಲ್ಲೇ ನಡೆಯುತ್ತವೆ. ಮನೆಗೆ ಹೋಗುವ ದಾರಿಯಲ್ಲೇ ಇರೋದ್ರಿಂದ ಕಣ್ಣಿಗೆ ಬೀಳುತ್ತೆ. ನಮ್ಮಲ್ಲೂ ಸ್ಟಿಲ್ಟ್, ಅಂದರೆ ಬರೀ ಕಂಬಗಳಿರುವ ತೆರೆದ ನೆಲಮಹಡಿ ಇದೆ, ಪೂರ್ತಿ ಕಾರಿಗೆ ಕೊಟ್ಟಿದ್ದೀವಿ ಅಷ್ಟೇ.

ಯಜಮಾನರ ಮಾತೂ ಸುಳ್ಳಾಗಲಿಲ್ಲ. ಜಗಲಿಯ ಎಡಮೂಲೆಯಲ್ಲಿ ಎಲೆಅಡಿಕೆ ಕಲೆ ಇದೆ. ಕೆಳಗಿನ ಮನೆಯ ಅಜ್ಜಿ ವಾರಕ್ಕೊಮ್ಮೆ ಬೈದುಕೊಂಡು ತೊಳೀತಾರೆ, ನೀರು ಒಳಗಿಂದ ಹೊತ್ತು ತರಬೇಕು. ಅದಕ್ಕೇ ಈಗ ಮಾಡ್ತಿರೋ ಕಟ್ಟಡದಲ್ಲಿ ಜಗಲಿ ಪಕ್ಕ ಒಂದು ನಲ್ಲಿ ತೋರಿಸಿದ್ದೀನಿ. ಅದರ ಬಿಲ್ ಯಾರು ಕಟ್ತಾರೆ ಅಂತ ಅಲ್ಲಿನ ಓನರು ಕೇಳಿದ್ದಾರೆ. ಭಾನುವಾರ ಮಾತಾಡೋಣ ಅಂದಿದ್ದೀನಿ.