ಮೊದಲು ಕಣ್ಣ ರೆಪ್ಪೆ ನೋಡಿ, ಆಮೇಲೆ ಜಂತಿನ ಔಷಧ

ಮಳೆ ಹಿಡಿದು ಹುಲ್ಲು ಚಿಗುರಿದರೆ ಸಾಕು, ಇಡೀ ಹಿಂಡಿಗೆ ಜಂತಿನ ಔಷಧ ಕುಡಿಸಿಬಿಡುತ್ತೇವೆ ಅಲ್ವಾ? ಆದರೆ ಹಿಂಡಿನ ಬಹುಪಾಲು ಹುಳು ಇರುವುದು ಕೆಲವೇ ಕುರಿಗಳ ಹೊಟ್ಟೆಯಲ್ಲಿ. ಸುಮ್ನೆ ಎಲ್ಲಕ್ಕೂ ಕುಡಿಸುತ್ತಾ ಹೋದರೆ ಔಷಧಕ್ಕೆ ಸಾಯದ ಹುಳುಗಳದ್ದೇ ಸಂತಾನ ಬೆಳೆಯುತ್ತದೆ. ಆಮೇಲೆ ನಿಜವಾಗಿ ಬೇಕಾದಾಗ ಔಷಧ ಕೆಲಸ ಮಾಡುವುದಿಲ್ಲ.

ಕುರಿ ಮೇಕೆಗಳನ್ನು ಹೆಚ್ಚು ಕಾಡುವುದು ಹೀಮಾಂಕಸ್ ಎಂಬ ಹುಳು. ನಾಲ್ಕನೇ ಹೊಟ್ಟೆಯಲ್ಲಿದ್ದು ರಕ್ತ ಹೀರುತ್ತದೆ. ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿ, ಸಾವಿರ ಹುಳುವಿದ್ದರೆ 50 ಮಿಲಿ ರಕ್ತ ಹೋಯಿತು! ರಕ್ತ ಕಡಿಮೆಯಾದದ್ದು ಮೊದಲು ಕಾಣುವುದು ಕಣ್ಣಲ್ಲಿ, ರೆಪ್ಪೆಯ ಒಳಭಾಗ ಬಿಳಿಚುತ್ತದೆ.

ಬಿಸಿಲು ಬೆಳಕಿನಲ್ಲಿ ಕುರಿ ಹಿಡಿದುಕೊಳ್ಳಿ. ಒಂದು ಹೆಬ್ಬೆರಳಿನಿಂದ ಮೇಲಿನ ರೆಪ್ಪೆಯನ್ನು ಕಣ್ಣಿನ ಮೇಲೆ ಮುಚ್ಚಿ ಮೆಲ್ಲಗೆ ಒತ್ತಿ, ಇನ್ನೊಂದರಿಂದ ಕೆಳರೆಪ್ಪೆ ಎಳೆಯಿರಿ. ಒಳಗಿನ ಪೊರೆ ಹೊರಗೆ ಬರುತ್ತದೆ. ಆಗಲೇ ನೋಡಬೇಕು, ಹಿಡಿದೇ ಇದ್ದರೆ ಬಣ್ಣ ಬದಲಾಗುತ್ತದೆ. ಆ ಬಣ್ಣವನ್ನು ಹೋಲಿಸಿ ನೋಡಲು ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಫಮಾಚಾ ಎಂಬ ಬಣ್ಣದ ಕಾರ್ಡ್ ಇದೆ. ಅದರಲ್ಲಿ ಕೆಂಪಿಗೆ 1, ಬಿಳಿಚಿದ್ದಕ್ಕೆ 5. 4 ಮತ್ತು 5 ಬಂದರೆ ಔಷಧ ಕೊಡಲೇಬೇಕು. ಮರಿ, ಗಬ್ಬದ ಕುರಿ, ಮೇಕೆಗಳಿಗೆ 3 ಬಂದರೂ ಕೊಡಿ. ಗದ್ದದ ಕೆಳಗೆ ನೀರು ತುಂಬಿದ್ದರೆ ತಡಮಾಡಬೇಡಿ.

ಇನ್ನು ಹುಳುವಿನ ಮೊಟ್ಟೆ ಎಣಿಸುವ ಹಿಕ್ಕೆ ಪರೀಕ್ಷೆ. ನೆಲದ ಹಿಕ್ಕೆ ಬೇಡ, ಅದರಲ್ಲಿ ಮಣ್ಣಿನ ಹುಳು ಸೇರಿರುತ್ತದೆ. ಕೈಗವಸು ಹಾಕಿ ಗುದದಿಂದಲೇ ತೆಗೆಯಿರಿ, ಸುಮಾರು ಹತ್ತು ಪ್ರಾಣಿಗಳದ್ದು, ಬೇರೆ ಬೇರೆ ಕವರಿನಲ್ಲಿ. ತಂಪಾಗಿಟ್ಟು ಬೇಗ ಪಶು ಆಸ್ಪತ್ರೆಗೆ ಒಯ್ಯಿರಿ. ಸೆಕೆಗೆ ಮೊಟ್ಟೆ ಒಡೆದರೆ ಲೆಕ್ಕ ತಪ್ಪುತ್ತದೆ.

ಅಲ್ಲಿ 4 ಗ್ರಾಂ ಹಿಕ್ಕೆಯನ್ನು 56 ಮಿಲಿ ಗಟ್ಟಿ ಉಪ್ಪುನೀರಿನಲ್ಲಿ ಕಲಸಿ ಸೋಸುತ್ತಾರೆ. ಮೊಟ್ಟೆಗಳು ತೇಲಿ ಬರುತ್ತವೆ. ಮ್ಯಾಕ್‌ಮಾಸ್ಟರ್ ಎಂಬ, ಮೊಟ್ಟೆ ಎಣಿಸುವ ಗಾಜಿನ ಸ್ಲೈಡಿನ ಎರಡೂ ಚೌಕಗಳಲ್ಲಿ ಎಣಿಸಿ 50ರಿಂದ ಗುಣಿಸಿದರೆ ಒಂದು ಗ್ರಾಂ ಹಿಕ್ಕೆಯ ಲೆಕ್ಕ. 40 ಮೊಟ್ಟೆ ಸಿಕ್ಕರೆ 2,000, ಅದು ಜಾಸ್ತಿಯೇ.

ಲೆಕ್ಕ ಕಡಿಮೆ ಬಂತೆಂದು ಮಾತ್ರ ನಿಶ್ಚಿಂತರಾಗಬೇಡಿ. ಎಳೆಯ ಹುಳು ಮೊಟ್ಟೆ ಇಡುವುದಿಲ್ಲ, ರಕ್ತ ಮಾತ್ರ ಹೀರುತ್ತದೆ. ಕೆರೆಯಂಚಿನಲ್ಲಿ ಮೇಯುವ ಕುರಿಗೆ ಯಕೃತ್ತಿನ ಹುಳುವಿದ್ದರೆ ಅದರ ಭಾರದ ಮೊಟ್ಟೆ ಉಪ್ಪುನೀರಿನಲ್ಲಿ ತೇಲುವುದಿಲ್ಲ. ಆ ಪರೀಕ್ಷೆಯನ್ನು ಬೇರೆಯಾಗಿ ಕೇಳಿ.

ಔಷಧ ಕೊಟ್ಟ 14ನೇ ದಿನ ಅದೇ ಕುರಿಗಳ ಹಿಕ್ಕೆ ಮತ್ತೆ ಕೊಡಿ. 2,000 ಇದ್ದದ್ದು 100ರ ಒಳಗೆ ಇಳಿದಿರಬೇಕು. ಇಳಿಯದಿದ್ದರೆ ಔಷಧ ಬದಲಿಸಲು ಪಶುವೈದ್ಯರನ್ನು ಕೇಳಿ.