ಫ್ರಿಜ್ಜಿನೊಳಗೊಂದು ಆಳಸಮುದ್ರ

ಕಲಬುರಗಿಯ ನಮ್ಮ ಓಣಿಯ ಪಿಯುಸಿ ಮಕ್ಕಳಲ್ಲಿ ಹೆಚ್ಚಿನವರು ಸಮುದ್ರವನ್ನೇ ನೋಡಿಲ್ಲ. ಆದರೂ ಆಳಸಮುದ್ರದ ಮೀನಿನ ಜೀವಕೋಶ ಹೊರಗಿನ ಸುದ್ದಿಯನ್ನು ಒಳಗೆ ಹೇಗೆ ಮುಟ್ಟಿಸಿಕೊಳ್ಳುತ್ತದೆ ಅಂತ ಅಡುಗೆಮನೆಯ ಸಾಮಾನಿನಿಂದಲೇ ತೋರಿಸಬಹುದು. ಬೇಸಿಗೆ ರಜೆಯಲ್ಲಿ ನಾನು ಮಾಡುವುದು ಹೀಗೆ.

ಮೂರು ಚಹಾ ಗ್ಲಾಸು ತೊಗೊಳ್ಳಿ. ಒಂದಕ್ಕೆ ತುಪ್ಪ, ಇನ್ನೊಂದಕ್ಕೆ ಶೇಂಗಾ ಎಣ್ಣೆ, ಮತ್ತೊಂದಕ್ಕೆ ಕುಸುಬಿ ಎಣ್ಣೆ ಅರ್ಧರ್ಧ ಹಾಕಿ. ಗಾಣದ ಎಣ್ಣೆಯಾದರೆ ಎರಡು ದಿನ ಬಿಟ್ಟು ಮೇಲಿನ ತಿಳಿಯನ್ನಷ್ಟೇ ಬಳಸಿ. ಇಲ್ಲದಿದ್ದರೆ ಗಸಿಯನ್ನೇ ಹೆಪ್ಪೆಂದು ಹುಡುಗರು ವಾದಕ್ಕೆ ನಿಲ್ಲುತ್ತಾರೆ. ಮೇ ತಿಂಗಳ ಬಿಸಿಲಿಗೆ ತುಪ್ಪವೂ ಕರಗಿರುತ್ತದೆ. ಸಾಸಿವೆ ಕಾಳು ಹಾಕಿದರೆ ಮೂರರಲ್ಲೂ ತಳ ಸೇರುತ್ತದೆ. ಮೊದಲು ಇದನ್ನು ತೋರಿಸಿ.

ಆಮೇಲೆ ಗ್ಲಾಸುಗಳನ್ನು ರಾತ್ರಿಯಿಡೀ ಫ್ರಿಜ್ಜಿನ ಕೆಳಖಾನೆಯಲ್ಲಿಡಿ. ಫ್ರೀಜರ್ ಬೇಡ, ಮೊದಲ ವರ್ಷ ಆ ತಪ್ಪು ಮಾಡಿ, ಮೂರೂ ಮಂದವಾಗಿ ಪಾಠವೇ ಕೆಟ್ಟಿತು. ಕೆಳಖಾನೆಯಲ್ಲಿ ಸುಮಾರು 4 ಡಿಗ್ರಿ. ಆಳಸಮುದ್ರದ ಥಂಡಿಯೂ ಹೆಚ್ಚುಕಡಿಮೆ ಅಷ್ಟೇ, 2ರಿಂದ 4.

ಬೆಳಿಗ್ಗೆ ಮತ್ತೆ ಸಾಸಿವೆ ಹಾಕಿ. ತುಪ್ಪದ ಮೇಲೆ ಕಾಳು ಬಿದ್ದಲ್ಲೇ ಕೂರುತ್ತದೆ. ಶೇಂಗಾ ಎಣ್ಣೆ ಮಬ್ಬಾಗಿ, ಕಾಳು ತಡವರಿಸುತ್ತದೆ. ಕುಸುಬಿಯಲ್ಲಿ ಸೀದಾ ಇಳಿಯುತ್ತದೆ.

ಪಾಠ ಶುರುವಾಗುವುದು ಇಲ್ಲಿಂದ. ಜೀವಕೋಶದ ಪೊರೆ ಬಹುಪಾಲು ಕೊಬ್ಬಿನದು. ಹಾರ್ಮೋನು ಬಂದು ಪೊರೆಯಲ್ಲಿರುವ ಗ್ರಾಹಕ (ರಿಸೆಪ್ಟರ್) ಎಂಬ ಪ್ರೋಟೀನಿಗೆ ಅಂಟಿದರೆ, ಆ ಗ್ರಾಹಕ ಪಕ್ಕದ ಜಿ-ಪ್ರೋಟೀನು ಎಂಬ ಓಲೆಕಾರನನ್ನು ಎಬ್ಬಿಸುತ್ತದೆ. ಜಿ-ಪ್ರೋಟೀನು ಪೊರೆಯ ಒಳಮೈಗುಂಟ ಸರಿದು ಅಡಿನೈಲಿಲ್ ಸೈಕ್ಲೇಸ್ ಎಂಬ ಕಿಣ್ವವನ್ನು ಮುಟ್ಟಬೇಕು. ಆ ಕಿಣ್ವ ಕೋಶದೊಳಗೆ ಸುದ್ದಿ ಹರಡುವ ಸೈಕ್ಲಿಕ್ ಎಎಂಪಿ ಎಂಬ ಸಣ್ಣ ಅಣುವನ್ನು ತಯಾರಿಸಿದಾಗಲೇ ಸುದ್ದಿ ಒಳಗೆ ಹೋಯಿತೆಂದು ಲೆಕ್ಕ. ಸಾಸಿವೆಯೇ ಜಿ-ಪ್ರೋಟೀನು ಅಂದುಕೊಳ್ಳಿ. ಪೊರೆ ತುಪ್ಪದ ಹಾಗೆ ಗಟ್ಟಿಯಾದರೆ ಸುದ್ದಿ ದಾರಿಯಲ್ಲೇ ಉಳಿಯಿತು. ಅದಕ್ಕೇ ಥಂಡಿಯ ಮೀನು ಪೊರೆಯಲ್ಲಿ ಅಪರ್ಯಾಪ್ತ ಕೊಬ್ಬನ್ನು ಹೆಚ್ಚಿಸಿಕೊಳ್ಳುತ್ತದೆ. ಅದರ ಸರಪಳಿ ಡೊಂಕು, ಒತ್ತೊತ್ತಾಗಿ ಜೋಡಿಸಲು ಬರುವುದಿಲ್ಲ. ಕುಸುಬಿಯ ಗುಣವೂ ಅದೇ.

ಒತ್ತಡವನ್ನು ಮನೆಯಲ್ಲಿ ತೋರಿಸಲಾಗದು, ಲೆಕ್ಕದಲ್ಲೇ ಹೇಳಬೇಕು. ಪ್ರತಿ 10 ಮೀಟರಿಗೆ ಒಂದು ವಾಯುಭಾರ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ, ಏರುತ್ತದೆ. 4,000 ಮೀಟರ್ ಆಳದಲ್ಲಿ ಕಿರುಬೆರಳ ಉಗುರಿನಷ್ಟು ಜಾಗದ ಮೇಲೆ ನಾಲ್ಕು ಕ್ವಿಂಟಲ್ ತೊಗರಿ ಹೇರಿದ ಹಾಗೆ. "ಸರ್, ಮೀನು ಚಪ್ಪಟಿ ಆಗಂಗಿಲ್ಲೇನ್ರಿ?" ಅಂತ ಗಂಜಿನ ಹಮಾಲರ ಮಗನೊಬ್ಬ ಕೇಳಿದ್ದ. ಆಗುವುದಿಲ್ಲ. ಒಳಗೂ ಹೊರಗೂ ಅದೇ ಒತ್ತಡ, ನೀರು ಕುಗ್ಗುವುದೂ ತೀರಾ ಕಡಿಮೆ. ತೊಂದರೆ ಇರುವುದು ಬೇರೆ ಕಡೆ. ಅಷ್ಟು ಒತ್ತಡ ಪೊರೆಯ ಪಾಲಿಗೆ ಇನ್ನೂ 5ರಿಂದ 8 ಡಿಗ್ರಿ ಥಂಡಿ ಬಿದ್ದಂತೆ. ಸಾಲದ್ದಕ್ಕೆ, ಪ್ರೋಟೀನುಗಳು ಒಂದಕ್ಕೊಂದು ಕೂಡುವಾಗ ತುಸು ಹಿಗ್ಗಬೇಕಾಗಿ ಬಂದರೆ ಒತ್ತಡ ಬಿಡುವುದಿಲ್ಲ.

ಇಲ್ಲಿ ಎಣ್ಣೆಯ ಹೋಲಿಕೆ ಕೈಕೊಡುತ್ತದೆ, ಮುಚ್ಚಿಡಬೇಡಿ. ಪ್ರೋಟೀನೂ ಬದಲಾಗಬೇಕು. ಸೀಬೆನಾಲರ್ ಮತ್ತು ಸೊಮೆರೊ ಎಂಬ ವಿಜ್ಞಾನಿಗಳು 1978ರಲ್ಲಿ ಒಂದೇ ಕುಲದ ಎರಡು ಮೀನುಗಳ ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಎಂಬ ಸ್ನಾಯುವಿನ ಕಿಣ್ವವನ್ನು ಹೋಲಿಸಿದರು. ಒತ್ತಡ ಹಾಕಿದಾಗ ಮೇಲಿನ ನೀರಿನ ಮೀನಿನ ಕಿಣ್ವಕ್ಕೆ ತನ್ನ ಕೆಲಸಕ್ಕೆ ಬೇಕಾದ ಅಣುಗಳ ಮೇಲಿನ ಹಿಡಿತ ಸಡಿಲವಾಯಿತು. ಆಳದ ಮೀನಿನದು ಅಷ್ಟಾಗಿ ಜಗ್ಗಲಿಲ್ಲ. ಮೀನಿನ ಮೈಯಲ್ಲಿರುವ ಟಿಎಂಎಒ (ಟ್ರೈಮೀಥೈಲಮೀನ್ ಆಕ್ಸೈಡ್) ಎಂಬ ವಸ್ತುವೂ ಪ್ರೋಟೀನುಗಳನ್ನು ಕಾಯುತ್ತದೆ, ಆಳ ಹೆಚ್ಚಿದಂತೆ ಮೀನಿನಲ್ಲಿ ಅದೂ ಹೆಚ್ಚು. ಸಮುದ್ರದ ಮೀನು ಹಳಸಿದಾಗ ಬರುವ ನಾತಕ್ಕೆ ಮೂಲ ಅದೇ ಅಂದರೆ ಹುಡುಗರು ಮರೆಯುವುದಿಲ್ಲ.

ಎಣ್ಣೆ ಚೆಲ್ಲಬೇಡಿ. ಸಾಸಿವೆ ಅದರಲ್ಲೇ ಇದೆ; ಜೀರಿಗೆ, ಕರಿಬೇವು ಸೇರಿಸಿದರೆ ಮಧ್ಯಾಹ್ನದ ತೊಗರಿಬೇಳೆಗೆ ಒಗ್ಗರಣೆ.