ಮಧ್ಯಾಹ್ನದ ನೆರಳು ಮತ್ತು ಒಂಬತ್ತನೇ ತರಗತಿ: ನನ್ನ ಅನುಭವ

ಉಡುಪಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಬೋಧಿಸುವ ನಾನು ಕ್ರಿಯಾ ಸಂಶೋಧನೆಗೆ, ಅಂದರೆ ಶಿಕ್ಷಕರು ತಮ್ಮದೇ ತರಗತಿಯಲ್ಲಿ ನಡೆಸುವ ಅಧ್ಯಯನಕ್ಕೆ, ಆರಿಸಿಕೊಂಡ ಪ್ರಶ್ನೆ ಚಿಕ್ಕದು. ಪ್ರತಿದಿನ ಮಧ್ಯಾಹ್ನ ಹನ್ನೆರಡಕ್ಕೆ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ ಎಂಬ ನಂಬಿಕೆ ಒಂಬತ್ತನೇ ತರಗತಿಯ ಮಕ್ಕಳಲ್ಲಿ ಎಷ್ಟು ಗಟ್ಟಿಯಾಗಿದೆ, ಮತ್ತು ನೆರಳನ್ನು ಅವರೇ ಅಳೆದಾಗ ಆ ನಂಬಿಕೆ ಏನಾಗುತ್ತದೆ? ಭೂಮಿಯ ಅಕ್ಷ 23.5 ಡಿಗ್ರಿ ವಾಲಿದೆ ಎಂದು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆಯುವ ಮಕ್ಕಳೇ ಈ ಮಾತನ್ನೂ ಅಷ್ಟೇ ಧೈರ್ಯದಿಂದ ಹೇಳುತ್ತಾರೆ. ಎರಡೂ ಒಂದೇ ತಲೆಯಲ್ಲಿ ಜಗಳವಿಲ್ಲದೆ ವಾಸವಾಗಿರುತ್ತವೆ.

ಪೂರ್ವ ಪರೀಕ್ಷೆಗೆ, ವಿಜ್ಞಾನ ಶಿಕ್ಷಣದ ಸಂಶೋಧಕ ಡೇವಿಡ್ ಟ್ರೆಗಸ್ಟ್ 1988ರಲ್ಲಿ ವಿವರಿಸಿದ ಎರಡು ಹಂತದ ಪ್ರಶ್ನೆಯ ಮಾದರಿಯನ್ನು ಬಳಸಿದೆ. ಅದರಲ್ಲಿ ವಿದ್ಯಾರ್ಥಿ ಮೊದಲು ಉತ್ತರವನ್ನೂ ಬಳಿಕ ಅದರ ಕಾರಣವನ್ನೂ ಆರಿಸಬೇಕು. ನಾನು ಕಾರಣದ ಜಾಗವನ್ನು ಖಾಲಿ ಬಿಟ್ಟೆ, ಏಕೆಂದರೆ ಅಚ್ಚಾದ ಆಯ್ಕೆಗಳು ನಮ್ಮ ಮಕ್ಕಳಿಗೆ ಸುಳಿವಾಗಿಬಿಡುತ್ತವೆ. ‘ವರ್ಷದಲ್ಲಿ ಕೆಲವೇ ದಿನ ಸೂರ್ಯ ನೆತ್ತಿಗೆ ಬರುತ್ತಾನೆ’ ಎಂಬ ಸರಿಯುತ್ತರಕ್ಕೆ ಗುರುತು ಹಾಕಿದ ಹುಡುಗನೊಬ್ಬ, ‘ಉಳಿದ ದಿನ ಮೋಡ ಇರುತ್ತದೆ’ ಎಂದು ಕಾರಣ ಬರೆದಿದ್ದ. ಬರಿಯ ಅಂಕ ನೋಡಿದ್ದರೆ ಅವನಿಗೆ ವಿಷಯ ತಿಳಿದಿದೆ ಎಂದೇ ದಾಖಲಾಗುತ್ತಿತ್ತು.

ಉಡುಪಿಯ ಅಕ್ಷಾಂಶ ಸುಮಾರು 13.3 ಡಿಗ್ರಿ ಉತ್ತರ. ಇಲ್ಲಿ ಸೂರ್ಯ ನಿಜವಾಗಿ ನೆತ್ತಿಗೆ ಬರುವುದು ಏಪ್ರಿಲ್ 25 ಮತ್ತು ಆಗಸ್ಟ್ 17ರ ಆಸುಪಾಸಿನಲ್ಲಿ ಮಾತ್ರ. ಮೊದಲನೆಯದು ಬೇಸಿಗೆ ರಜೆಗೆ ಸೇರುತ್ತದೆ. ಎರಡನೆಯದನ್ನು ಕರಾವಳಿಯ ಮಳೆಗಾಲ ನುಂಗುತ್ತದೆ. ಆದ್ದರಿಂದ ಆಕಾಶ ತಿಳಿಯಾಗುವ ನವೆಂಬರ್ ಮೊದಲ ವಾರವನ್ನು ಆರಿಸಿದೆ. ಅಂಗಳದ ಸಮತಟ್ಟಾದ ಜಾಗದಲ್ಲಿ ಒಂದು ಮೀಟರ್ ಕೋಲನ್ನು, ದಾರಕ್ಕೆ ಕಲ್ಲು ಕಟ್ಟಿ ನೇರ ನೋಡಿಕೊಂಡು, ನಿಲ್ಲಿಸಿದೆವು. ವೈಟ್ ಮತ್ತು ಗನ್‌ಸ್ಟೋನ್ 1992ರಲ್ಲಿ ವಿವರಿಸಿದಂತೆ ಊಹಿಸು, ಗಮನಿಸು, ವಿವರಿಸು ಎಂಬ ಕ್ರಮವನ್ನು ಪಾಲಿಸಿ, ಪ್ರತಿಯೊಬ್ಬರೂ ತಮ್ಮ ಊಹೆಯನ್ನು ಕಾರಣಸಹಿತ ಬರೆದು ಸಹಿ ಹಾಕಿದ ಮೇಲೆಯೇ ಅಂಗಳಕ್ಕೆ ಇಳಿಯಲು ಬಿಟ್ಟೆ. ಸಹಿ ಇಲ್ಲದಿದ್ದರೆ ಅಳತೆಯ ನಂತರ ಎಲ್ಲರೂ ‘ನನಗೆ ಮೊದಲೇ ಗೊತ್ತಿತ್ತು’ ಎನ್ನುತ್ತಾರೆ!

ಹನ್ನೆರಡು ಗಂಟೆಗೆ ನೆರಳು ಉತ್ತರದ ಕಡೆಗೆ ಸುಮಾರು 56 ಸೆಂಟಿಮೀಟರ್ ಚಾಚಿತ್ತು. ಆದರೆ ಯಾರೂ ನಂಬಿಕೆಯನ್ನು ಬಿಡಲಿಲ್ಲ. ಕೋಲು ವಾಲಿದೆ ಎಂದರು, ನೆಲ ಇಳಿಜಾರು ಎಂದರು. ಒಬ್ಬ ಹುಡುಗಿ, “ಟೀಚರ್, ನಮ್ಮ ಗಡಿಯಾರದ ಹನ್ನೆರಡು ನಿಜವಾದ ಮಧ್ಯಾಹ್ನ ಅಲ್ಲವೇನೋ” ಎಂದಳು. ನಂಬಿಕೆಗೆ ಒಗ್ಗದ ಮಾಹಿತಿ ಎದುರಾದಾಗ ಜನ ಅದನ್ನು ಅಲಕ್ಷಿಸುವ, ತಿರಸ್ಕರಿಸುವ, ಬೇರೆ ಅರ್ಥ ಹಚ್ಚುವ ಬಗೆಗಳನ್ನು ಚಿನ್ ಮತ್ತು ಬ್ರೂವರ್ 1993ರಲ್ಲಿ ವರ್ಗೀಕರಿಸಿದ್ದಾರೆ. ಆದರೆ ಆ ಹುಡುಗಿಯ ಆಕ್ಷೇಪವನ್ನು ನುಣುಚಿಕೊಳ್ಳುವ ಮಾತೆಂದು ಪಟ್ಟಿಗೆ ಸೇರಿಸಿ ಮುಂದೆ ಹೋಗುವುದು ನನಗೆ ನ್ಯಾಯವೆನಿಸಲಿಲ್ಲ, ಏಕೆಂದರೆ ಅದು ಸರಿಯಾಗಿತ್ತು. ಭಾರತೀಯ ಕಾಲಮಾನ 82.5 ಡಿಗ್ರಿ ಪೂರ್ವ ರೇಖಾಂಶದ್ದು; ಉಡುಪಿ ಇರುವುದು ಸುಮಾರು 74.7ರಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ಸರಾಸರಿ ಮಧ್ಯಾಹ್ನ 12:31ರ ಹೊತ್ತಿಗೆ ಬರುತ್ತದೆ. ಭೂಮಿಯ ಕಕ್ಷೆ ದೀರ್ಘವೃತ್ತವಾಗಿರುವುದರಿಂದಲೂ ಅಕ್ಷ ವಾಲಿರುವುದರಿಂದಲೂ ಅದು ನವೆಂಬರ್ ಆರಂಭದಲ್ಲಿ 12:15ಕ್ಕೆ ಹಿಂದೆ ಸರಿದು, ಫೆಬ್ರವರಿ ಮಧ್ಯದಲ್ಲಿ 12:45ಕ್ಕೆ ಮುಂದೆ ಹೋಗುತ್ತದೆ.

ಹಾಗಾಗಿ ಆಕ್ಷೇಪವನ್ನೇ ಪ್ರಯೋಗವಾಗಿಸಿದೆವು. ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕಿದಾಗ ಅತ್ಯಂತ ಗಿಡ್ಡ ನೆರಳು ಹನ್ನೆರಡೂಕಾಲರ ಸುಮಾರಿಗೆ ಬಿತ್ತು. ಆದರೆ ಅದು ಗಿಡ್ಡವಾದದ್ದು ಅರ್ಧ ಸೆಂಟಿಮೀಟರಿನಷ್ಟು ಮಾತ್ರ. ಗಡಿಯಾರದ ವಿಷಯದಲ್ಲಿ ಹುಡುಗಿಯದು ಸರಿ, ಆದರೆ ಅದು ಹಳೆಯ ನಂಬಿಕೆಯನ್ನು ಉಳಿಸಲಿಲ್ಲ. ನನ್ನ ಟಿಪ್ಪಣಿಗಳಲ್ಲಿ ಮಕ್ಕಳ ವಿವರಣೆಯ ಧಾಟಿ ಬದಲಾದದ್ದು ಈ ಎರಡನೇ ಅಳತೆಯ ಬಳಿಕವೇ ಹೊರತು ಮೊದಲನೆಯದರ ಬಳಿಕವಲ್ಲ.

ಬಳಿಕ ಗ್ಲೋಬ್ ಮತ್ತು ಟಾರ್ಚ್ ಇಟ್ಟು ಪಾಠ ಮಾಡಿದೆ. ಕೆಲವು ವಾರ ಬಿಟ್ಟು ನಡೆಸಿದ ಪರೀಕ್ಷೆಯಲ್ಲಿ ಊರನ್ನೇ ಬದಲಿಸಿ, ದೆಹಲಿಯಲ್ಲಿ ಸೂರ್ಯ ಎಂದಾದರೂ ನೆತ್ತಿಗೆ ಬರುತ್ತಾನೆಯೇ ಎಂದು ಕೇಳಿದೆ. ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ಉತ್ತರಕ್ಕಿರುವ ಆ ಊರಿಗೆ ಎಂದೂ ಬರುವುದಿಲ್ಲ. ಉಡುಪಿಯ ದಿನಾಂಕಗಳನ್ನಷ್ಟೇ ಬಾಯಿಪಾಠ ಮಾಡಿದವರು ‘ಏಪ್ರಿಲ್ 25’ ಎಂದು ಬರೆದರು. ಹೋಲಿಸಲು ಇನ್ನೊಂದು ತರಗತಿ ಇರಲಿಲ್ಲವಾದ್ದರಿಂದ, ಈ ವಿಧಾನವೇ ಮೇಲು ಎಂದು ವರದಿಯಲ್ಲಿ ಬರೆಯಲಿಲ್ಲ.

ಒಂದು ಕೊರತೆ ಮಾತ್ರ ಸ್ಪಷ್ಟವಾಗಿದೆ. ನವೆಂಬರಿನ ಅಳತೆಯಿಂದ ಹಲವರು, ಮಧ್ಯಾಹ್ನದ ನೆರಳು ಯಾವಾಗಲೂ ಉತ್ತರಕ್ಕೇ ಬೀಳುತ್ತದೆ ಎಂಬ ಹೊಸ ತಪ್ಪು ನಿಯಮವನ್ನು ಕಟ್ಟಿಕೊಂಡಿದ್ದಾರೆ. ಜೂನ್ 21ರಂದು ಇದೇ ಕೋಲಿನ ನೆರಳು ದಕ್ಷಿಣಕ್ಕೆ ಸುಮಾರು 18 ಸೆಂಟಿಮೀಟರ್ ಬೀಳಬೇಕು. ಆದ್ದರಿಂದ ಶಾಲೆ ತೆರೆದ ಕೂಡಲೇ ಊಹೆ ಬರೆಸಿಟ್ಟು, ಆ ತಿಂಗಳಲ್ಲಿ ಮಳೆ ಬಿಡುವು ಕೊಟ್ಟ ಮೊದಲ ಮಧ್ಯಾಹ್ನವೇ ಅಳೆಯುವುದೆಂದು ನಿಶ್ಚಯಿಸಿದ್ದೇನೆ.